ಕೌನ್ಸಿಲ್ ಪಾರ್ಕಿಂಗ್ ದಂಡ: ಕಟ್ಟಿಬಿಡೋದಾ, ತಕರಾರು ಹಾಕೋದಾ?

ಬೆಂಗಳೂರಿನಲ್ಲಿ ಗಾಡಿ ಓಡಿಸಿ ಇಂಗ್ಲೆಂಡಿಗೆ ಬಂದವರಿಗೆ ದಂಡದ ವಿಷಯದಲ್ಲಿ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ: ಕಾಯುವುದು. 2023ರ ಫೆಬ್ರವರಿಯಲ್ಲಿ ಬಾಕಿ ಇ-ಚಲನ್‌ಗಳಿಗೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು, 2025ರಲ್ಲಿ ಮತ್ತೊಮ್ಮೆ ಕೊಟ್ಟರು. ಸುಮ್ಮನೆ ಕೂತವರೇ ಜಾಣರಾದರು. ಇಲ್ಲಿ ಲೆಕ್ಕ ತಲೆಕೆಳಗು. ಅರ್ಧ ರಿಯಾಯಿತಿ ಮೊದಲ 14 ದಿನ ಮಾತ್ರ. ಆಮೇಲೆ ಸುಮ್ಮನೆ ಕೂತರೆ ಮೊತ್ತ ಏರುತ್ತಲೇ ಹೋಗಿ ಕೊನೆಗೆ ಬೇಲಿಫ್ (ಬಾಕಿ ವಸೂಲಿಗೆ ಬರುವವನು) ಬಾಗಿಲು ಬಡಿಯುತ್ತಾನೆ.

ಇದಕ್ಕೆ ವಿರುದ್ಧವಾದ ತಪ್ಪನ್ನೂ ನಮ್ಮವರು ಮಾಡುತ್ತಾರೆ. ಗಾಜಿನ ಮೇಲೆ ಹಳದಿ ಲಕೋಟೆ ಕಂಡ ಕೂಡಲೇ ವೀಸಾ, ಕ್ರೆಡಿಟ್ ಸ್ಕೋರ್, ಲೈಸೆನ್ಸ್ ಎಲ್ಲ ಕಣ್ಣ ಮುಂದೆ ಬಂದು, ಆ ರಾತ್ರಿಯೇ ದುಡ್ಡು ಕಟ್ಟಿಬಿಡುತ್ತಾರೆ. ಕೌನ್ಸಿಲ್ (ಇಲ್ಲಿನ ಸ್ಥಳೀಯ ಸಂಸ್ಥೆ) ಹಾಕುವ ಪಾರ್ಕಿಂಗ್ ದಂಡ ಸಿವಿಲ್ ವಿಷಯ. ಅದು ಅಪರಾಧವಲ್ಲ, ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ. ಆದರೆ ಒಮ್ಮೆ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯಿತು. ‘ಈಗ ಕಟ್ಟಿ ಆಮೇಲೆ ವಾದಿಸೋಣ’ ಎನ್ನುವ ದಾರಿ ಇಲ್ಲ.

ಲಕೋಟೆ ಬಿಚ್ಚಿದಾಗ ಮೊದಲು ನೋಡಬೇಕಾದ್ದು ಮೊತ್ತವನ್ನಲ್ಲ, ಅದನ್ನು ಕೊಟ್ಟವರು ಯಾರು ಅನ್ನೋದನ್ನು. ‘ಪೆನಾಲ್ಟಿ ಚಾರ್ಜ್ ನೋಟಿಸ್’ ಅಂತಿದ್ದು ಕೌನ್ಸಿಲ್ ಹೆಸರಿದ್ದರೆ (ಲಂಡನ್ನಿನ ರೆಡ್ ರೂಟ್, ಅಂದರೆ ಕೆಂಪು ಗೆರೆಯ ಮುಖ್ಯ ರಸ್ತೆ, ಆದರೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್) ಈ ಬರಹ ನಿಮಗೆ. ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಅಂತಿದ್ದರೆ ಅದು ಸೂಪರ್‌ಮಾರ್ಕೆಟ್ಟಿನ ಅಂಗಳದಂಥ ಖಾಸಗಿ ಜಾಗದ ಬಿಲ್ಲು. ಎರಡನ್ನೂ ಜನ ಪಿಸಿಎನ್ ಅಂತಲೇ ಕರೆಯುವುದರಿಂದ ಗೊಂದಲ. ಖಾಸಗಿಯದಕ್ಕೆ ಕಾನೂನು ಬೇರೆ, ಮೇಲ್ಮನವಿಯ ಕಡೆ ಬೇರೆ. ಗೆಳೆಯ ಅದನ್ನು ಹೇಗೆ ತಪ್ಪಿಸಿಕೊಂಡ ಅನ್ನೋ ಕತೆ ಕೌನ್ಸಿಲ್ ಚೀಟಿಗೆ ಉಪಯೋಗಕ್ಕೆ ಬರುವುದಿಲ್ಲ. ದಂಡ ಕಟ್ಟಿ ಅಂತ ಮೊಬೈಲಿಗೆ ಬರುವ ಲಿಂಕನ್ನಂತೂ ಒತ್ತಲೇಬೇಡಿ. ಕೌನ್ಸಿಲ್ ವೆಬ್‌ಸೈಟಿಗೆ ನೀವೇ ಹೋಗಿ, ನೋಟಿಸ್ ನಂಬರು ಮತ್ತು ಗಾಡಿ ನಂಬರು ಹಾಕಿ ನೋಡಿ.

ಈಗ ದುಡ್ಡು. ಲಂಡನ್ ಹೊರಗಿನ ಹೆಚ್ಚಿನ ಕೌನ್ಸಿಲ್‌ಗಳಲ್ಲಿ ದೊಡ್ಡ ತಪ್ಪಿಗೆ 70 ಪೌಂಡ್, ಚಿಕ್ಕದಕ್ಕೆ 50. ಹಳದಿ ಗೆರೆಯ ಮೇಲೆ ನಿಲ್ಲಿಸುವುದು (ಚೀಟಿಯಲ್ಲಿ ಕೋಡ್ 01), ಪರ್ಮಿಟ್ ಇಲ್ಲದೆ ನಿವಾಸಿಗಳ ಜಾಗದಲ್ಲಿ ನಿಲ್ಲಿಸುವುದು (12), ಅಂಗವಿಕಲರ ಜಾಗ (40) ಇವೆಲ್ಲ ದೊಡ್ಡವು. ಕಟ್ಟಿದ ಅವಧಿ ಮುಗಿದ ಮೇಲೂ ನಿಂತಿದ್ದು (05), ಗೆರೆಯೊಳಗೆ ಸರಿಯಾಗಿ ನಿಲ್ಲಿಸದ್ದು (24) ಚಿಕ್ಕವು. ಲಂಡನ್ನಿನಲ್ಲಿ 2025ರ ಏಪ್ರಿಲ್‌ನಿಂದ ದೊಡ್ಡ ತಪ್ಪು ದುಬಾರಿ ವಲಯದಲ್ಲಿ 160 ಪೌಂಡ್ ಮುಟ್ಟಿದೆ. 14 ದಿನದೊಳಗೆ ಕಟ್ಟಿದರೆ ಎಲ್ಲದಕ್ಕೂ ಅರ್ಧ.

ದಿನ ಎಣಿಸುವಾಗ ಎಚ್ಚರ: ಚೀಟಿ ಅಂಟಿಸಿದ ದಿನವೇ ಒಂದನೇ ದಿನ. 3ನೇ ತಾರೀಕು ಸಿಕ್ಕಿದ್ದರೆ ಅರ್ಧ ದಂಡಕ್ಕೆ 16 ಕೊನೆ, 17 ಅಲ್ಲ. ಪೂರ್ತಿ ದಂಡಕ್ಕೆ 28 ದಿನ, ಅಂದರೆ 30ನೇ ತಾರೀಕು.

ಕಟ್ಟೋದಾ ಹೋರಾಡೋದಾ ಅಂತ ಮೊದಲ ದಿನವೇ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಗಾಜಿನ ಮೇಲೆ ಅಂಟಿಸಿದ ಚೀಟಿಯಾದರೆ 14 ದಿನದೊಳಗೆ ಒಂದು ಅನೌಪಚಾರಿಕ ತಕರಾರು ಹಾಕಬಹುದು. ಆ ಗಡುವಿನಲ್ಲಿ ಹಾಕಿದ್ದನ್ನು ತಿರಸ್ಕರಿಸಿದರೆ, ಅರ್ಧ ದಂಡದ ಅವಕಾಶವನ್ನು ಮತ್ತೆ 14 ದಿನ ಕೊಡುವುದು ಕೌನ್ಸಿಲ್‌ಗಳಲ್ಲಿ ಸಾಮಾನ್ಯ ಪದ್ಧತಿ. ಇದು ಕಾನೂನಿನ ಕಟ್ಟಳೆಯಲ್ಲ, ಸರ್ಕಾರದ ಮಾರ್ಗಸೂಚಿಯ ಮಾತು. ಹಾಗಾಗಿ ನಿಮ್ಮ ಕೌನ್ಸಿಲ್ ವೆಬ್‌ಸೈಟಿನಲ್ಲಿ ಹಾಗೆ ಬರೆದಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಬರೆದಿದ್ದರೆ ಮೊದಲ ತಕರಾರಿಗೆ ಖರ್ಚು ಏನೂ ಇಲ್ಲ. ನಿಜವಾದ ನಿರ್ಧಾರದ ದಿನ ಬರುವುದು ಕೌನ್ಸಿಲ್ ‘ಇಲ್ಲ’ ಅಂತ ಉತ್ತರ ಬರೆದಾಗ. 15ನೇ ದಿನ ಹಾಕಿದ ತಕರಾರನ್ನೂ ಅವರು ಓದುತ್ತಾರೆ, ಆದರೆ ಅರ್ಧ ದಂಡದ ಮಾತು ಅಷ್ಟರಲ್ಲಿ ಮುಗಿದಿರುತ್ತದೆ.

ಮೊದಲ ಹತ್ತು ನಿಮಿಷದ ಕೆಲಸ ಎಲ್ಲಕ್ಕಿಂತ ಮುಖ್ಯ. ಗಾಡಿ ತೆಗೆಯುವ ಮೊದಲು ಫೋಟೊ ತೆಗೆಯಿರಿ: ನಾಲ್ಕೂ ಚಕ್ರ ಮತ್ತು ಗೆರೆ ಕಾಣುವಂತೆ, ಹತ್ತಿರದ ಫಲಕದ ಅಕ್ಷರ ಓದುವಂತೆ, ಗಾಡಿ ನಿಂತಲ್ಲಿಂದ ಆ ಫಲಕ ಎಷ್ಟು ದೂರ ಅಂತ ತಿಳಿಯುವಂತೆ. ಮರದ ಕೊಂಬೆ ಫಲಕ ಮುಚ್ಚಿದ್ದರೆ ಡ್ರೈವರ್ ಸೀಟಿನ ಎತ್ತರದಿಂದ ಒಂದು. ವಾರ ಕಳೆದು ಹೋಗಿ ತೆಗೆದರೆ ಕೊಂಬೆ ಕತ್ತರಿಸಿರಬಹುದು, ಗೆರೆಗೆ ಹೊಸ ಬಣ್ಣ ಬಂದಿರಬಹುದು. ಆಮೇಲೆ ಮನೆಗೆ ಬಂದು ವಾರ್ಡನ್ (ಚೀಟಿ ಹಾಕಿದ ಅಧಿಕಾರಿ) ತೆಗೆದ ಫೋಟೊಗಳನ್ನು ಕೌನ್ಸಿಲ್ ಸೈಟಿನಲ್ಲಿ ನೋಡಿ. ನಿಮಗೆ ಅನುಕೂಲವಾದ ಸಾಕ್ಷ್ಯ ಎಷ್ಟೋ ಸಲ ಅಲ್ಲೇ ಇರುತ್ತದೆ.

ಗೆಲ್ಲುವ ಕಾರಣಗಳಲ್ಲಿ ಸುಲಭದ್ದು ಹತ್ತು ನಿಮಿಷದ ವಿನಾಯಿತಿ. ಇಂಗ್ಲೆಂಡಿನಲ್ಲಿ 2015ರ ಏಪ್ರಿಲ್‌ನಿಂದ, ರಸ್ತೆಬದಿಯ ಗುರುತಿನ ಜಾಗಗಳಲ್ಲೂ ಕೌನ್ಸಿಲ್ ಕಾರ್ ಪಾರ್ಕ್‌ಗಳಲ್ಲೂ, ಅನುಮತಿಸಿದ ಅವಧಿ ಮುಗಿದ ಮೇಲೆ ಹತ್ತು ನಿಮಿಷದವರೆಗೆ ದಂಡ ಹಾಕುವಂತಿಲ್ಲ. 14:32ಕ್ಕೆ ಮುಗಿದ ಟಿಕೆಟಿಗೆ 14:39ಕ್ಕೆ ಚೀಟಿ ಬಿದ್ದಿದ್ದರೆ ಎರಡು ಸಾಲು ಬರೆದರೆ ಸಾಕು. ಆದರೆ ಇದನ್ನು ಜನ ಎಲ್ಲ ಕಡೆ ಬಳಸಲು ಹೋಗಿ ಸೋಲುತ್ತಾರೆ. ದುಡ್ಡೇ ಕಟ್ಟದಿದ್ದರೆ ಈ ಹತ್ತು ನಿಮಿಷ ಇಲ್ಲ. ಹಳದಿ ಗೆರೆಯ ಮೇಲೂ ಇಲ್ಲ.

ಹಳದಿ ಗೆರೆಯ ಮೇಲೆ ಇರುವುದು ಬೇರೆ ಎರಡು ವಿನಾಯಿತಿ: ಜನರನ್ನು ಹತ್ತಿಸುವುದು-ಇಳಿಸುವುದು, ಮತ್ತು ಸಾಮಾನು ಹೇರುವುದು-ಇಳಿಸುವುದು. ಊರಿಂದ ಬಂದ ಅಪ್ಪ-ಅಮ್ಮನನ್ನು ಇಳಿಸಿ, ನಡೆಯಲು ಕಷ್ಟಪಡುವವರನ್ನು ಬಾಗಿಲವರೆಗೆ ಬಿಟ್ಟು ಬರಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಒಳಗೆ ಹೋಗಿ ಕಾಫಿ ಕುಡಿಯುವಷ್ಟಲ್ಲ. ಸಾಮಾನಿನ ವಿಷಯ ಇನ್ನೂ ಸೂಕ್ಷ್ಮ. ಖಾಸಗಿ ಕಾರಿಗೂ ಈ ಹಕ್ಕಿದೆ, ಆದರೆ ಸಾಮಾನು ದೂರದಿಂದ ಕೈಯಲ್ಲಿ ಹೊತ್ತು ತರಲಾಗದಷ್ಟು ಭಾರ ಅಥವಾ ದೊಡ್ಡದಿರಬೇಕು. ಸೌತಾಲ್ ಅಥವಾ ಟೂಟಿಂಗ್ ಅಂಗಡಿಯಿಂದ 20 ಕಿಲೋದ ಎರಡು ಅಕ್ಕಿ ಮೂಟೆ ಹೊರಗೆ ತಂದು ಡಿಕ್ಕಿಗೆ ಹಾಕುವುದು ಹೇರಿಕೆ. ಒಳಗೆ ಹೋಗಿ ಸೋನಾ ಮಸೂರಿಯೋ ಪೊನ್ನಿಯೋ ಅಂತ ಆರಿಸಿ, ಕರಿಬೇವು ಹುಡುಕಿ, ಬಿಲ್ಲಿಗೆ ಸರದಿಯಲ್ಲಿ ನಿಲ್ಲುವುದು ಹೇರಿಕೆ ಅಲ್ಲ, ಶಾಪಿಂಗ್. ರಸೀದಿಯ ಮೇಲಿನ ಸಮಯ ವಾರ್ಡನ್ ನಿಮ್ಮ ಕಾರನ್ನು ಮೊದಲು ನೋಡಿದ ಸಮಯಕ್ಕಿಂತ ಹಿಂದಿನದಾದರೆ ನಿಮಗೆ ಬಲ. ಎಂಟು ನಿಮಿಷ ಮುಂದಿನದಾದರೆ ಅದನ್ನು ಲಗತ್ತಿಸಿ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಂಡಂತೆ. ಫುಟ್‌ಪಾತಿನ ಅಂಚುಗಲ್ಲಿನ ಮೇಲೆ ಅಡ್ಡ ಹಳದಿ ಗೀಟುಗಳಿದ್ದರೆ ಅಲ್ಲಿ ಹೇರಿಕೆಗೂ ನಿಷೇಧ: ಒಂದೊಂದೇ ಗೀಟಾದರೆ ಫಲಕದಲ್ಲಿ ಬರೆದ ಹೊತ್ತಿನಲ್ಲಿ, ಜೋಡಿ ಗೀಟಾದರೆ ದಿನವಿಡೀ.

ಫಲಕ-ಗೆರೆಗಳ ದೋಷ ಎಲ್ಲರೂ ಆಸೆಯಿಂದ ಹಿಡಿಯುವ ಹಗ್ಗ, ಅರ್ಧ ಸಲ ತುಂಡಾಗುತ್ತದೆ. ಗೆರೆ ಅಲ್ಲಲ್ಲಿ ಮಾಸಿದೆ, ತುದಿಯಲ್ಲಿ ಅಡ್ಡಗೀಟು ಇಲ್ಲ ಅನ್ನೋದಷ್ಟೇ ಸಾಲದು. ಮೇಲ್ಮನವಿಗೆ ಹೋದರೆ ತೀರ್ಪುಗಾರರು ಕೇಳುವ ಪ್ರಶ್ನೆ ಒಂದೇ: ಎಚ್ಚರದಿಂದ ನೋಡುವ ಚಾಲಕನಿಗೆ ಇಲ್ಲಿ ನಿಲ್ಲಿಸಬಾರದು ಅಂತ ಗೊತ್ತಾಗುತ್ತಿತ್ತೇ? ಜೋಡಿ ಹಳದಿಗೆ ಸಮಯದ ಫಲಕವೇ ಬೇಕಿಲ್ಲ. ಒಂಟಿ ಹಳದಿಗೆ ಬೇಕು, ಆದರೆ ನೀವು ನಿಯಂತ್ರಿತ ಪಾರ್ಕಿಂಗ್ ವಲಯದೊಳಗಿದ್ದರೆ (ಹಲವು ಬೀದಿಗಳಿಗೆ ಒಂದೇ ಸಮಯದ ನಿಯಮ ಇರುವ ಪ್ರದೇಶ) ಆ ಫಲಕ ವಲಯದ ಪ್ರವೇಶದಲ್ಲೇ ಇರುತ್ತದೆ, ನಿಮ್ಮ ಬೀದಿಯಲ್ಲಿ ಅಲ್ಲ. ‘ಬೀದಿ ಪೂರ್ತಿ ಹುಡುಕಿದೆ, ಫಲಕವೇ ಇಲ್ಲ’ ಅಂತ ಬರೆದು ಸೋಲುವವರಲ್ಲಿ ಬಹುಪಾಲು ಇದೇ ಕತೆ. ಬರೆಯುವ ಮೊದಲು ನೀವು ಬಂದ ದಾರಿಯನ್ನು ಸ್ಟ್ರೀಟ್ ವ್ಯೂನಲ್ಲಿ ಹಿಂದಕ್ಕೆ ಹೋಗಿ ನೋಡಿ. ಲಂಡನ್ನಿನಲ್ಲಂತೂ ಫುಟ್‌ಪಾತ್ ಮೇಲೆ ಒಂದೇ ಚಕ್ರ ಹತ್ತಿಸಿದರೂ ದಂಡ. ಅದಕ್ಕೆ ಫಲಕ ಬೇಕಿಲ್ಲ, 1974ರ ಕಾಯ್ದೆಯೇ ಸಾಕು. ಹೊರ ಊರಿಂದ ಹೋದವರು ಇದಕ್ಕೆ ಸಿಕ್ಕಿಬೀಳುತ್ತಾರೆ. ಬ್ಯಾಂಕ್ ಹಾಲಿಡೇ ದಿನ ನಿಯಮ ಇರುವುದಿಲ್ಲ ಅನ್ನೋದೂ ಭ್ರಮೆ. ಫಲಕ ಹಾಗೆ ಹೇಳದಿದ್ದರೆ ಸೋಮವಾರ ಅಂದರೆ ಸೋಮವಾರವೇ.

ಆ್ಯಪ್‌ಗಳಿಂದ ಹುಟ್ಟುವ ತಪ್ಪುಗಳದ್ದು ಇನ್ನೊಂದು ರಾಶಿ. ರಿಂಗ್‌ಗೋ, ಪೇಬೈಫೋನ್‌ಗಳಲ್ಲಿ ಹಳೆಯ ಕಾರಿನ ನಂಬರಿಗೆ ದುಡ್ಡು ಹೋಗಿರುತ್ತದೆ, ಇಲ್ಲವೇ ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಬಿದ್ದಿರುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಉಲ್ಲಂಘನೆ ನಡೆದಿದೆ, ಆ ಕಾರಿಗೆ ದುಡ್ಡು ಬಂದಿಲ್ಲ. ಆದರೂ ಅದೇ ಜಾಗಕ್ಕೆ ಅದೇ ಹೊತ್ತಿಗೆ ದುಡ್ಡು ಬಂದಿದೆ ಅಂತ ಆ್ಯಪ್ ರಸೀದಿ ತೋರಿಸಿದರೆ, ಮೊದಲ ಸಲಕ್ಕೆ ಬಿಟ್ಟುಬಿಡುವ ಕೌನ್ಸಿಲ್‌ಗಳಿವೆ. ಇಲ್ಲಿ ‘ತಪ್ಪೇ ಆಗಿಲ್ಲ’ ಅಂತ ಜಗಳಕ್ಕೆ ಇಳಿಯದೆ, ತಪ್ಪು ಒಪ್ಪಿ, ವಿವೇಚನೆ ಬಳಸಿ ಬಿಟ್ಟುಬಿಡಿ ಅಂತ ಕೇಳುವುದು ಜಾಣತನ. ಜಾಗದ ಕೋಡ್ ತಪ್ಪಿ ಬೇರೆ ಕೌನ್ಸಿಲ್‌ಗೆ ದುಡ್ಡು ಹೋಗಿದ್ದರೆ ಕಷ್ಟ. ಮಷೀನ್ ಕೆಟ್ಟಿತ್ತು ಅಂತ ಬರೆಯುವವರು ಒಂದು ತಿಳಿದಿರಲಿ: ಕೌನ್ಸಿಲ್ ಆ ಮಷೀನಿನ ದಾಖಲೆ ತೆಗೆದು, ಅದೇ ಹೊತ್ತಿಗೆ ಬೇರೆಯವರು ಟಿಕೆಟ್ ತೆಗೆದಿದ್ದಾರೆಯೇ ಅಂತ ನೋಡುತ್ತದೆ. ಹತ್ತಿರ ಬೇರೆ ಮಷೀನ್ ಅಥವಾ ಆ್ಯಪ್ ಸೌಲಭ್ಯ ಇದ್ದರೆ ಅದನ್ನು ಯಾಕೆ ಬಳಸಲಿಲ್ಲ ಅಂತಲೂ ಕೇಳುತ್ತದೆ.

ನಿವಾಸಿ ಪರ್ಮಿಟ್ ಜಾಗದಲ್ಲಿ ಕಾರು ಬಿಟ್ಟು ನಾಲ್ಕು ವಾರ ಊರಿಗೆ ಹೋದಾಗ, ಯಾರದೋ ಮನೆ ಸಾಗಣೆಗೋ ರಸ್ತೆ ಕೆಲಸಕ್ಕೋ ಆ ಜಾಗವನ್ನು ಅಮಾನತಿನಲ್ಲಿಟ್ಟು ದಂಡ ಹಾಕುವುದುಂಟು (ಕೋಡ್ 21). ಮುನ್ಸೂಚನೆಯ ಫಲಕ ಯಾವ ದಿನ ಹಾಕಿದರು ಅನ್ನೋದರ ಮೇಲೆ ಇಡೀ ಕೇಸು ನಿಂತಿರುತ್ತದೆ. ಆ ದಾಖಲೆ ಕೇಳಿ. ಹೊರಟ ದಿನದ ಬೋರ್ಡಿಂಗ್ ಪಾಸ್ ಜೊತೆಗಿಡಿ.

ಇನ್ನು ಸೋಲುವ ವಾದಗಳು. ‘ಎರಡೇ ನಿಮಿಷ ಹೋಗಿದ್ದೆ’, ‘ಪಕ್ಕದ ಕಾರಿಗೆ ಹಾಕಿಲ್ಲ’, ‘ಯಾರಿಗೂ ಅಡ್ಡಿ ಆಗಿರಲಿಲ್ಲ’: ಇವನ್ನು ಬರೆದು ಬೆರಳು ನೋಯಿಸಿಕೊಳ್ಳಬೇಡಿ. ‘ಕಾರು ಓಡಿಸಿದ್ದು ನಾನಲ್ಲ, ಗೆಳೆಯ’ ಅನ್ನೋದೂ ನಡೆಯುವುದಿಲ್ಲ, ಏಕೆಂದರೆ ಹೊಣೆ ಮಾಲೀಕನದು, ಚಾಲಕನದಲ್ಲ. ಕಾರಿನ ಬಣ್ಣ ತಪ್ಪಾಗಿ ಬರೆದಿದ್ದಾರೆ ಅನ್ನೋದರಿಂದ ಚೀಟಿ ರದ್ದಾಗದು. ಗಾಡಿ ನಂಬರು, ಉಲ್ಲಂಘನೆಯ ದಿನ-ಸಮಯ ತಪ್ಪಿದ್ದರೆ ಅದು ಬೇರೆ ಮಾತು. ಕಾರು ಕೆಟ್ಟು ನಿಂತಿತ್ತು, ಆಸ್ಪತ್ರೆಗೆ ಓಡಬೇಕಾಯಿತು ಅನ್ನುವಂಥವನ್ನು ಕೌನ್ಸಿಲ್ ಗಂಭೀರವಾಗಿ ನೋಡುತ್ತದೆ, ಆದರೆ ಬ್ರೇಕ್‌ಡೌನ್ ಸೇವೆಯವರ ಸಮಯ ಇರುವ ರಸೀದಿ, ಆಸ್ಪತ್ರೆಯ ಪತ್ರ ಜೊತೆಗಿರಬೇಕು.

ಪತ್ರ ಹೀಗಿದ್ದರೆ ಸಾಕು (ಇಂಗ್ಲಿಷಿಗೆ ತಿರುಗಿಸಿಕೊಳ್ಳಿ): ‘ಈ ವಾಹನ ಇಂಥ ದಿನ 11:04ರಿಂದ 11:12ರವರೆಗೆ ಜೋಡಿ ಹಳದಿ ಗೆರೆಯ ಮೇಲೆ ನಿಂತಿತ್ತು. ಅಲ್ಲಿ ಹೇರಿಕೆ ನಿಷೇಧದ ಗುರುತಿಲ್ಲ (ಫೋಟೊ 1). ಮೊದಲೇ ಹಣ ಕೊಟ್ಟಿದ್ದ 20 ಕಿಲೋದ ಮೂರು ಚೀಲಗಳನ್ನು ಅಂಗಡಿಯಿಂದ ವಾಹನಕ್ಕೆ ತುಂಬಲಾಯಿತು (10:58ರ ರಸೀದಿ, ಫೋಟೊ 2). ಹೇರಿಕೆ ಮುಗಿದ ಕೂಡಲೇ ವಾಹನ ತೆಗೆಯಲಾಗಿದೆ. ಆದ್ದರಿಂದ ಉಲ್ಲಂಘನೆ ನಡೆದಿಲ್ಲ. ಅಧಿಕಾರಿಯ ಟಿಪ್ಪಣಿ ಮತ್ತು ಎಲ್ಲ ಫೋಟೊಗಳನ್ನು ಕಳುಹಿಸಿ.’ ಕಷ್ಟಸುಖದ ಪುರಾಣ, ಕೌನ್ಸಿಲ್ ಟ್ಯಾಕ್ಸ್ ಮೇಲಿನ ಸಿಟ್ಟು ಬೇಡ. ಬಲವಾದ ಒಂದು ಕಾರಣದ ಜೊತೆ ದುರ್ಬಲವಾದ ನಾಲ್ಕು ಸೇರಿಸಿದರೆ ಉತ್ತರ ಬರೆಯುವವರು ಆ ನಾಲ್ಕನ್ನೇ ಎತ್ತಿಕೊಂಡು ತಿರಸ್ಕರಿಸುತ್ತಾರೆ.

ತಿರಸ್ಕಾರ ಬಂತು ಅನ್ನಿ. ಈಗ ಲೆಕ್ಕ. ಈಗ ಕಟ್ಟಿದರೆ 35 ಪೌಂಡ್, ಮುಂದೆ ಹೋಗಿ ಸೋತರೆ 70, ಗೆದ್ದರೆ ಸೊನ್ನೆ. ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಅನಿಸಿದರೆ ಮಾತ್ರ ಮುಂದುವರಿಯುವುದು ಲಾಭ; ನಿಮ್ಮ ಸಂಜೆಗಳಿಗೂ ಬೆಲೆ ಕಟ್ಟಿದರೆ ಮುಕ್ಕಾಲು ಅನ್ನಿ. ಆ ಅಂದಾಜಿಗೆ ಆಧಾರ ತಿರಸ್ಕಾರದ ಪತ್ರವೇ. ನಿಮ್ಮ ಮುಖ್ಯ ಅಂಶಕ್ಕೆ ಫೋಟೊ, ಸಮಯ ತೋರಿಸಿ ಉತ್ತರ ಕೊಟ್ಟಿದ್ದರೆ, ಅವರ ಮಾತು ನಿಮಗೇ ಸರಿ ಅನ್ನಿಸಿದರೆ, ಕಟ್ಟಿಬಿಡಿ. ನೀವು ಹೇರಿಕೆ ಅಂತ ಬರೆದರೆ ಅವರು ‘ಹಳದಿ ಗೆರೆಯ ಮೇಲೆ ನಿಲ್ಲಿಸುವಂತಿಲ್ಲ’ ಅಂತ ಸಿದ್ಧ ಪಾಠ ಒಪ್ಪಿಸಿದ್ದರೆ ಮುಂದೆ ಹೋಗಿ. ವಿವೇಚನೆ ಕೇಳಿದ ಕೇಸುಗಳಲ್ಲಿ ಮಾತ್ರ ಹುಷಾರು: ಟ್ರಿಬ್ಯೂನಲ್ (ಮೇಲ್ಮನವಿ ಕೇಳುವ ಸ್ವತಂತ್ರ ಮಂಡಳಿ) ನೋಡುವುದು ಮುಖ್ಯವಾಗಿ ಕಾನೂನಿನ ಕಾರಣಗಳನ್ನು. ಬಲವಾದ ಮಾನವೀಯ ಕಾರಣ ಕಂಡರೆ ಮರುಪರಿಶೀಲಿಸಿ ಅಂತ ಕೌನ್ಸಿಲ್‌ಗೆ ಹೇಳಬಹುದು, ಅಷ್ಟೇ.

ಮುಂದೆ ಹೋಗುವುದು ಅಂದರೆ ಕಟ್ಟದೆ ಕಾಯುವುದು. 28 ದಿನ ಕಳೆದ ಮೇಲೆ ಗಾಡಿಯ ನೋಂದಾಯಿತ ಮಾಲೀಕರಿಗೆ ‘ನೋಟಿಸ್ ಟು ಓನರ್’ ಅಂಚೆಯಲ್ಲಿ ಬರುತ್ತದೆ. ಅದಕ್ಕೆ 28 ದಿನದೊಳಗೆ ಔಪಚಾರಿಕ ತಕರಾರು ಹಾಕಬೇಕು. ಮೊದಲೇ ಬರೆದಿದ್ದೇನಲ್ಲ ಅಂತ ಬಿಡಬೇಡಿ. ಅದು ಲೆಕ್ಕಕ್ಕಿಲ್ಲ, ಎಲ್ಲವನ್ನೂ ಹೊಸದಾಗಿ ಹಾಕಿ. ಇದಕ್ಕೆ ಕೌನ್ಸಿಲ್ 56 ದಿನದೊಳಗೆ ಉತ್ತರ ಕೊಡದಿದ್ದರೆ ದಂಡ ರದ್ದಾದಂತೆ. ಹಾಗಾಗಿ ಸಲ್ಲಿಸಿದ ದಿನದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮತ್ತೆ ತಿರಸ್ಕರಿಸಿದರೆ ಟ್ರಿಬ್ಯೂನಲ್‌ಗೆ ಹೋಗಲು ಇನ್ನೊಂದು 28 ದಿನ. ಇಂಗ್ಲೆಂಡಿನ ಉಳಿದ ಭಾಗ ಮತ್ತು ವೇಲ್ಸ್‌ಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್, ಲಂಡನ್ನಿಗೆ ಲಂಡನ್ ಟ್ರಿಬ್ಯೂನಲ್ಸ್. ಫೀಸು ಇಲ್ಲ, ವಕೀಲರು ಬೇಕಿಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ಹುಡುಗಾಟಕ್ಕೆ ಕೇಸು ಹಾಕಿದವರನ್ನು ಬಿಟ್ಟರೆ ಸೋತವರ ಮೇಲೆ ಎದುರು ಪಕ್ಷದ ಖರ್ಚು ಬೀಳುವುದಿಲ್ಲ. ಇಲ್ಲಿಗೆ ಬಂದಾಗ ಕೌನ್ಸಿಲ್ ತಾನೇ ‘ವಾದಿಸುವುದಿಲ್ಲ’ ಅಂತ ಕೈಬಿಡುವುದೂ ಇದೆ, ಏಕೆಂದರೆ ಸಾಕ್ಷ್ಯದ ಕಡತ ಕಟ್ಟುವುದು ಅವರಿಗೂ ಕೆಲಸವೇ.

ಅಂಚೆಯಲ್ಲೇ ಮೊದಲು ಬರುವ ಕ್ಯಾಮೆರಾ ದಂಡಕ್ಕೆ (ಶಾಲೆಯ ಮುಂದಿನ ‘ಕೀಪ್ ಕ್ಲಿಯರ್’, ಬಸ್ ಸ್ಟಾಪು, ರೆಡ್ ರೂಟ್) ಅನೌಪಚಾರಿಕ ಹಂತವೇ ಇಲ್ಲ. ಅರ್ಧ ದಂಡಕ್ಕೆ 21 ದಿನ, ತಕರಾರು ನೇರವಾಗಿ ಔಪಚಾರಿಕ. ಅಲ್ಲಿ ವಿಡಿಯೊ ನೋಡಿದ ದಿನವೇ ತೀರ್ಮಾನ ಮಾಡಿಬಿಡಿ. ಕಂಪನಿ ಲೀಸ್ ಕಾರಾದರೆ ಇನ್ನೂ ಬೇಗ: ನೋಟಿಸ್ ಹೋಗುವುದು ಲೀಸ್ ಕಂಪನಿಗೆ, ಅವರು ದಂಡ ಕಟ್ಟಿ ತಮ್ಮ ಶುಲ್ಕವನ್ನೂ ಸೇರಿಸಿ ನಿಮ್ಮಿಂದ ವಸೂಲು ಮಾಡಿದರೆ ಮೇಲ್ಮನವಿಗೆ ಏನೂ ಉಳಿಯುವುದಿಲ್ಲ. ಚೀಟಿ ಸಿಕ್ಕ ದಿನವೇ ಅವರಿಗೆ ತಿಳಿಸಿ.

ಎಲ್ಲಕ್ಕಿಂತ ದುಬಾರಿ ತಪ್ಪಿಗೂ ಪಾರ್ಕಿಂಗಿಗೂ ಸಂಬಂಧವೇ ಇಲ್ಲ. ಬಾಡಿಗೆ ಮನೆ ಬದಲಿಸಿದಾಗ ಲೈಸೆನ್ಸಿನ ವಿಳಾಸ ಬದಲಿಸುತ್ತಾರೆ, ಕಾರಿನ ಲಾಗ್‌ಬುಕ್ಕಿನದು (ನೋಂದಣಿ ಪತ್ರ) ಮರೆಯುತ್ತಾರೆ. ಲೈಸೆನ್ಸು, ಗಾಡಿ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಬದಲಿಸಬೇಕು. ನೋಟಿಸ್ ಟು ಓನರ್ ಹಳೆಯ ಮನೆಗೆ ಹೋಗುತ್ತದೆ, ಉತ್ತರ ಇಲ್ಲ. ಚಾರ್ಜ್ ಸರ್ಟಿಫಿಕೇಟ್ ಹೊರಟು 70 ಪೌಂಡ್ 105 ಆಗುತ್ತದೆ. 14 ದಿನ ಬಿಟ್ಟು ನಾರ್ಥಾಂಪ್ಟನ್ನಿನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರಿನಲ್ಲಿ ಸಾಲವಾಗಿ ನೋಂದಾಯಿಸುತ್ತಾರೆ, ಅದರ ಶುಲ್ಕ ಬೇರೆ. ಆಮೇಲೆ ಬೇಲಿಫ್, ಅವನ ಫೀಸು ಮೂಲ ದಂಡವನ್ನೇ ಮೀರುತ್ತದೆ. ನೋಟಿಸ್ ನಿಜವಾಗಿಯೂ ತಲುಪಿಲ್ಲದಿದ್ದರೆ ಟಿಇ9 ಎಂಬ ಫಾರಂನಲ್ಲಿ ಹಾಗೆ ಹೇಳಿಕೆ ಕೊಡಬಹುದು; 21 ದಿನದ ಗಡುವು ಮೀರಿದ್ದರೆ ತಡವಾದ ಕಾರಣ ಬರೆದ ಟಿಇ7 ಕೂಡ ಜೊತೆಗೆ ಬೇಕು. ಒಪ್ಪಿದರೆ ಏರಿಸಿದ ಮೊತ್ತ ಬಿದ್ದುಹೋಗಿ ಕೇಸು ಹಿಂದಿನ ಹಂತಕ್ಕೆ ಬರುತ್ತದೆ, ಮೂಲ ದಂಡ ಹಾಗೇ ಉಳಿದಿರುತ್ತದೆ. ಸುಳ್ಳು ಹೇಳಿಕೆ ಕೊಟ್ಟರೆ ಅದು ನ್ಯಾಯಾಂಗ ನಿಂದನೆ. ಬೇಲಿಫ್‌ನ ಮೊದಲ ಕಾಗದ ಬಂದಾಗ ಅವನ ಜೊತೆ ಫೋನಿನಲ್ಲಿ ವಾದಿಸಿ ದಿನ ಕಳೆಯುವ ಬದಲು, ಈ ಎರಡು ಫಾರಂಗಳನ್ನು ಅಂದೇ ನಾರ್ಥಾಂಪ್ಟನ್ನಿನ ಆ ಸೆಂಟರಿಗೆ ಇಮೇಲ್ ಮಾಡಿ.